ಮೀನಿನ ಕೆನ್ನೆ

ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿಸುಕಿ, ಬೇಳೆಯನ್ನು ಬಟ್ಟಲಿಗೂ ಸಿಪ್ಪೆಯನ್ನು ಮೊರಕ್ಕೂ ಹಾಕುತ್ತಾ ಇಬ್ಬರೂ ಅಡುಗೆಮನೆಯಲ್ಲಿ ಕೂತಿದ್ದರು. ಅರ್ಧ ಗಂಟೆಯಾಯಿತು. ಒಂದು ಮಾತಿಲ್ಲ!

ಒಬ್ಬಳು ಯಶೋಧಾ. ಇನ್ನೊಬ್ಬರು ಅವಳು ಪ್ರೀತಿಸುವ ಲಿಯಾಂಗ್‌ನ ತಾಯಿ ಸ್ಯೂ ಮೇ. ಸರಸ್ವತಿಪುರಂನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಆಕೆಯ ಚೀನೀ ಹೆಸರು ಗಿರಾಕಿಗಳ ನಾಲಿಗೆಗೆ ಹೊರಳದೆ, ಇಪ್ಪತ್ತು ವರ್ಷಗಳಿಂದ ಅವರು ಎಲ್ಲರಿಗೂ ‘ಸುಮಾ ಮೇಡಂ’.

‘ನನ್ನ ಮುಖವನ್ನೇ ನೋಡುತ್ತಿಲ್ಲವಲ್ಲ ಇವರು... ಬರೀ ಬೆರಳು ನೋಡುತ್ತಿದ್ದಾರೆ.’ ಯಶೋಧಾ ಇನ್ನಷ್ಟು ಬೇಗ ಬೇಗ ಕಾಳು ಹಿಸುಕಿದಳು.

“ಉಗುರು ತಾಗಿಸ್ಬೇಡ. ಬೇಳೆ ಒಡೆದೋಗುತ್ತೆ,” ಅಂದರು ಸುಮಾ ಮೇಡಂ. ಆ ಮನೆಯಲ್ಲಿ ಅವಳು ಕೇಳಿದ ಮೊದಲ ಮಾತು ಅದು.

ಅಷ್ಟರಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಲಿಯಾಂಗ್ ಒಳಗೆ ಬಂದ.

“ಏನಮ್ಮಾ ಇದು! ಸೊಸೆ ನೋಡ್ಬೇಕು ಅಂತ ಕರೆದ್ಯೋ, ಕೆಲಸಕ್ಕೆ ಇಟ್ಕೊಂಡ್ಬುಟ್ಯೋ?”

“ಸೊಸೆ ಅಂತ ಯಾರೋ ಅಂದಿದ್ದು? ಸುಮ್ನೆ ಕೈ ತೊಳ್ಕೊಂಡು ಬಾ.”

ಅವನು ನಕ್ಕ. ಯಶೋಧಾ ನಗಲಿಲ್ಲ. ‘ಕೆಲಸಕ್ಕೆ’ ಎಂಬ ಮಾತು ಅವಳ ಮನಸ್ಸಿಗೆ ಚುಚ್ಚಿತು.

ಯಾಕೆಂದರೆ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಅವ್ವ ಕಾಯಿಲೆ ಬಿದ್ದಾಗ ಕೃಷ್ಣಮೂರ್ತಿಪುರಂನ ಒಂದು ಯೋಗಶಾಲೆಯಲ್ಲಿ ಕಸ ಗುಡಿಸಲು ಸೇರಿದಳು. ಅಲ್ಲಿ ಅವಳ ನೀರಿನ ಲೋಟ ಕಿಟಕಿಯ ಮೇಲೆ ಬೇರೆಯೇ ಇರುತ್ತಿತ್ತು. ಅವಳು ಏನೂ ಕೇಳುತ್ತಿರಲಿಲ್ಲ. ನೋಡುತ್ತಿದ್ದಳು, ಅಷ್ಟೇ. ಆಸನಗಳನ್ನೂ ಹಾಗೇ ನೋಡಿ ನೋಡಿ ಕಲಿತಳು. ಮುಂದೆ ಹೊರದೇಶದವರಿಗೆ ಅವಳೇ ಹೇಳಿಕೊಡುವಂತಾಯಿತು!

ಲಿಯಾಂಗ್ ಸಿಕ್ಕಿದ್ದೂ ಅಲ್ಲೇ. ಚೀನಾದಿಂದ ನಾಲ್ಕು ಜನ ಕಲಿಯಲು ಬಂದಾಗ, ಅವರ ಮಾತನ್ನು ಕನ್ನಡದಲ್ಲಿ ತಿಳಿಸಲು ಊರಿನಲ್ಲೇ ಒಬ್ಬ ಚೀನೀ ಹುಡುಗ ಇದ್ದಾನೆಂದು ಅವನನ್ನು ಕರೆಸಿದ್ದರು. ಹಲ್ಲಿನ ಸೆಟ್ ಮಾಡುವ ಕೆಲಸ ಬಿಟ್ಟು ಓಡಿಬಂದಿದ್ದ. ಹತ್ತು ನಿಮಿಷ ಬೆವರಿದ ಮೇಲೆ ಯಶೋಧಾಳ ಬಳಿ ಬಂದು ಪಿಸುಗುಟ್ಟಿದ್ದ.

“ನಮ್ಮನೆ ಮಾತೇ ಬೇರೆ, ಇವರ ಮಾತೇ ಬೇರೆ ಕಣ್ರೀ! ನಾನು ಚೆಲುವಾಂಬ ಆಸ್ಪತ್ರೇಲಿ ಹುಟ್ಟಿದೋನು. ನನಗೆ ಸರಿಯಾಗಿ ಬರೋದು ಕನ್ನಡ ಒಂದೇ. ದಯವಿಟ್ಟು ಯಾರಿಗೂ ಹೇಳ್ಬೇಡಿ!”

ಅವಳು ಜೀವನದಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕಿದ್ದು ಅವತ್ತೇ.

ಎರಡು ವರ್ಷ ಕಳೆದಿತ್ತು. ಈಗ ಚೀನಾದ ಗುವಾಂಗ್‌ಝೌ ಎಂಬ ಊರಿನ ಯೋಗಶಾಲೆಯೊಂದು ಅವಳನ್ನು ಟೀಚರ್ ಆಗಿ ಕರೆದಿತ್ತು. ಎರಡು ಸಾವಿರದ ಐದರ ಫೆಬ್ರವರಿ ಕೊನೆಗೆ ವಿಮಾನ. “ಅಮ್ಮ ಒಪ್ಪಿದ್ರೆ ರಿಜಿಸ್ಟರ್ ಮದುವೆ ಆಗಿ ನಾನೂ ಬರ್ತೀನಿ,” ಅಂದಿದ್ದ ಲಿಯಾಂಗ್. “ಒಪ್ಪದೆ ಇದ್ರೆ... ಅಪ್ಪ ಹೋದ ಮೇಲೆ ನನ್ನ ಸಾಕಿದೋಳು ಕಣೇ. ನೋಯಿಸಿ ಬರೋಕಾಗಲ್ಲ.”

ಅದಕ್ಕೇ ಈ ಡಿಸೆಂಬರ್ ಭಾನುವಾರದ ಊಟ.

ಮೇಜಿನ ಮೇಲೆ ಹಿಸುಕಿದ ಅವರೆಬೇಳೆ ಸಾರು, ಅನ್ನ, ಹಬೆಯಲ್ಲಿ ಬೆಂದ ಇಡೀ ಮೀನು. ಯಶೋಧಾಳಿಗೆ ಚಮಚ ಕೊಟ್ಟಿದ್ದರು. ತಾಯಿ ಮಗ ಕಡ್ಡಿಗಳಲ್ಲಿ ಊಟ ಮಾಡುತ್ತಿದ್ದರು. ಅವಳು ಎಂದಿನಂತೆ ತಲೆ ತಗ್ಗಿಸಿಯೇ ಎಲ್ಲವನ್ನೂ ನೋಡುತ್ತಿದ್ದಳು.

ಸುಮಾ ಮೇಡಂ ಒಂದು ತುತ್ತು ಅನ್ನ ತಿಂದರು. ಕಡ್ಡಿಯ ತುದಿ ತುಟಿಗೆ ತಾಗಿತು. ಅದೇ ಕಡ್ಡಿಯಿಂದ ಮೀನನ್ನು ಮುರಿದು, ಒಂದು ತುಂಡನ್ನು ತಂದು ಯಶೋಧಾಳ ಬಟ್ಟಲಿಗೆ ಹಾಕಿದರು.

“ತಿನ್ನು.”

ಯಶೋಧಾ ಚಮಚ ಕೆಳಗಿಟ್ಟಳು.

ಎಂಜಲು!

ಅವಳ ಅಜ್ಜಿ ಬಿದಿರಿನ ಪುಟ್ಟಿ ಹಿಡಿದು ದೊಡ್ಡ ಮನೆಗಳ ಹಿತ್ತಿಲಲ್ಲಿ ನಿಲ್ಲುತ್ತಿದ್ದಳಂತೆ. ಆ ಮನೆಯವರು ಉಂಡು ಬಿಟ್ಟದ್ದನ್ನು ತಂದು ಮಕ್ಕಳಿಗೆ ಹಾಕುತ್ತಿದ್ದಳಂತೆ. ಬೌದ್ಧ ಧರ್ಮಕ್ಕೆ ಸೇರಿದ ದಿನ ಅಪ್ಪ ಸಣ್ಣಮಾದಯ್ಯ ಮನೆ ಮಂದಿಯನ್ನೆಲ್ಲ ಕೂರಿಸಿ ಹೇಳಿದ್ದು ಒಂದೇ ಮಾತು. ಇನ್ನು ಮುಂದೆ ನಮ್ಮ ಮನೆಯವರು ಯಾರ ಎಂಜಲನ್ನೂ ಮುಟ್ಟಬಾರದು.

‘ಗೊತ್ತಾಗಿಬಿಟ್ಟಿದೆ ಇವರಿಗೆ ನಾನು ಯಾರು ಅಂತ... ಕಾಳು ಹಿಸುಕಿಸಿದರು, ಈಗ ಇದು!’

ಅವಳು ಬಟ್ಟಲನ್ನು ದೂರ ತಳ್ಳಿದಳು.

“ನನಗೆ ಬೇಡ.”

“ಯಾಕೆ?” ಸುಮಾ ಮೇಡಂ ದನಿ ಸಣ್ಣದಾಯಿತು.

ಅವಳು ಎದ್ದಳು. ಚಪ್ಪಲಿ ಮೆಟ್ಟಿ ಹೊರಗೆ ನಡೆದೇಬಿಟ್ಟಳು.

ಲಿಯಾಂಗ್ ಬಸ್ ಸ್ಟಾಪಿನವರೆಗೂ ಓಡಿಬಂದ. ಮುಖ ಕೆಂಪಗಾಗಿತ್ತು.

“ಏನೇ ಇದು! ನಮ್ಮಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಮೀನು ತಂದಿದ್ರು ಗೊತ್ತಾ?”

“ನನಗೆ ಹೇಳೋಕೆ ಏನೂ ಇಲ್ಲ... ಬಿಟ್ಬಿಡಿ.”

“ಅಸಹ್ಯ ಆಯ್ತಾ? ಹೇಳು, ನಮ್ಮೂಟ ಅಂದ್ರೆ ಅಸಹ್ಯನಾ? ಸ್ಕೂಲಲ್ಲಿ ನನ್ನ ಡಬ್ಬಿ ತೆಗೆದ್ರೆ ಹಾವು, ಕಪ್ಪೆ ಅಂತ ಕಿರುಚಿ ಎದ್ದೋಗೋರು. ನೀನೂ ಅಷ್ಟೇನಾ?”

ಅವಳು ದಂಗಾಗಿ ಅವನನ್ನೇ ನೋಡಿದಳು. ‘ಅಯ್ಯೋ, ಅದಲ್ಲ!’ ಮಾತು ತುಟಿಯವರೆಗೂ ಬಂತು. ಬಸ್ಸೂ ಬಂತು. ಅವಳು ಹತ್ತಿಬಿಟ್ಟಳು.

ಒಂಬತ್ತು ದಿನ ಅವನ ಫೋನ್ ಬರಲಿಲ್ಲ. ಎದುರು ಮನೆಯ ಫೋನ್ ಗಣಗಣ ಅಂದಾಗಲೆಲ್ಲ ಅವಳು ಬಾಗಿಲಿಗೆ ಬಂದು ನಿಲ್ಲುವಳು. ಪ್ರತಿ ಸಲವೂ ಅದು ಬೇರೆ ಯಾರಿಗೋ...

ಹತ್ತನೆಯ ದಿನ, ರೈಲ್ವೆ ವರ್ಕ್‌ಶಾಪಿನಿಂದ ಬಂದ ಸಣ್ಣಮಾದಯ್ಯ ಮಗಳ ಎದುರಿಗೆ ಕೂತರು.

“ಏನಾಯ್ತು ಕಣವ್ವಾ? ಚೀನಾಕ್ಕೋಗೋಳು ಇಂಗೆ ಮುಖ ಬಾಡುಸ್ಕೊಂಡು ಕೂತಿದೀಯಲ್ಲ. ಆ ಹುಡುಗ ಏನಾದ್ರೂ ಅಂದ್ನಾ?”

ಅವಳು ಅಳುತ್ತಲೇ ಎಲ್ಲವನ್ನೂ ಹೇಳಿದಳು. ಅಪ್ಪ ಕೆಂಡವಾಗುತ್ತಾರೆ ಅಂದುಕೊಂಡಿದ್ದಳು. ಅವರು ವಿಚಿತ್ರವಾದ ಪ್ರಶ್ನೆ ಕೇಳಿದರು.

“ಯಾವ ತುಂಡು ಆಕಿದ್ರು?”

“ಅಂದ್ರೆ?”

“ಮೀನಲ್ಲಿ ಯಾವ ತುಂಡು ಅಂತ.”

ಅವಳು ಕಣ್ಣು ಮುಚ್ಚಿ ನೆನಪಿಸಿಕೊಂಡಳು. ನೋಡಿದ್ದು ಯಾವುದೂ ಅವಳಿಗೆ ಮರೆಯುತ್ತಿರಲಿಲ್ಲ. “ತಲೆ ಹತ್ರದ್ದು... ಕೆನ್ನೆ.”

“ಅದಕ್ಕೆ ಮುಂಚೆ ಯಾರಾದ್ರೂ ಮೀನು ಮುಟ್ಟಿದ್ರಾ?”

“ಇಲ್ಲಪ್ಪ. ಅದೇ ಮೊದಲು ಮುರಿದಿದ್ದು.”

ಸಣ್ಣಮಾದಯ್ಯ ನಿಧಾನವಾಗಿ ತಲೆಯಾಡಿಸಿದರು.

“ನಮ್ಮವ್ವನ ಪುಟ್ಟಿಗೆ ಬೀಳ್ತಿದ್ದುದು ಮುಳ್ಳು ಕಣವ್ವ. ಎಲ್ರೂ ಉಂಡ ಮೇಲೆ ಮಿಕ್ಕ ಮುಳ್ಳು, ಅಳಸಿದ ಮುದ್ದೆ. ಮೊದಲನೇ ತುಂಡು ಯಾರೂ ಕೊಡ್ಲಿಲ್ಲ. ಕೆನ್ನೆ ಅಂತೂ ಮೀನು ಇಡಿಯೋನು ತನ್ನ ಮಗೀಗೆ ಎತ್ತಿಡ್ತಾನೆ.”

“ಆದ್ರೆ ಕಡ್ಡಿ ಅವರ ಬಾಯಿಗೆ ತಾಗಿತ್ತಪ್ಪಾ...”

“ತಾಗ್ಲಿ! ನಿಮ್ಮವ್ವ ಅಗಿದು ತಿನ್ನಿಸ್ದಾಗ ನೀನೇನು ಉಗಿದ್ಬುಟ್ಟಿದ್ಯಾ?”

ಅವಳು ಅಪ್ಪನ ಮುಖವನ್ನೇ ನೋಡಿದಳು.

‘ಅವರು ಮಗಳಿಗೆ ಅಂತ ಹಾಕಿದರು... ನಾನು ತಳ್ಳಿಬಿಟ್ಟೆ!’

ಮರುದಿನ ಬೆಳಿಗ್ಗೆ ಪಾರ್ಲರ್ ತೆರೆಯುವ ಹೊತ್ತಿಗೆ ಅವಳು ಸರಸ್ವತಿಪುರಂನಲ್ಲಿದ್ದಳು. ಸುಮಾ ಮೇಡಂ ಕನ್ನಡಿ ಒರೆಸುತ್ತಿದ್ದರು. ತಿರುಗಲಿಲ್ಲ. ಆ ಕನ್ನಡಿಯೊಳಗೇ ಅವಳನ್ನು ನೋಡಿದರು.

“ಐಬ್ರೋಗಾ?” ಅಂದರು ತಣ್ಣಗೆ.

“ಅಲ್ಲಮ್ಮ. ಮಾತಾಡೋಕೆ.”

ಯಶೋಧಾ ನಿಂತಲ್ಲೇ ಹೇಳಿದಳು. ಅಜ್ಜಿಯ ಪುಟ್ಟಿ, ಕಿಟಕಿಯ ಮೇಲಿನ ಲೋಟ, ಅಪ್ಪನ ಮಾತು... ಅಷ್ಟು ಉದ್ದ ಅವಳು ಯಾರ ಮುಂದೆಯೂ ಮಾತಾಡಿರಲಿಲ್ಲ. ನಡುವೆ ಲಿಯಾಂಗ್ ಒಳಬಾಗಿಲಿಗೆ ಬಂದು ನಿಂತದ್ದು ಕನ್ನಡಿಯಲ್ಲಿ ಕಂಡಿತು. ಅವಳು ನಿಲ್ಲಿಸಲಿಲ್ಲ.

ಸುಮಾ ಮೇಡಂ ಕೈಯ ಬಟ್ಟೆ ಕೆಳಗಿಟ್ಟರು.

“ಒಂದು ಮಾತು ನನ್ನ ಕೇಳ್ಬಹುದಿತ್ತು.”

“ಕೇಳಿ ಅಭ್ಯಾಸ ಇಲ್ಲಮ್ಮ. ನೋಡ್ತೀನಿ, ಅಷ್ಟೇ. ಈ ಸಲ ನೋಡಿದ್ದು ತಪ್ಪಾಯ್ತು.”

ಆಕೆ ಕುರ್ಚಿಯ ತುದಿಯಲ್ಲಿ ಕೂತರು. “ಅರವತ್ತೆರಡರ ಯುದ್ಧದಲ್ಲಿ ಶಿಲ್ಲಾಂಗ್‌ನಿಂದ ನಮ್ಮನ್ನ ರೈಲಿಗೆ ತುಂಬಿ ಕ್ಯಾಂಪಿಗೆ ಹಾಕಿದ್ರು, ಚೀನಾದವರು ಅಂತ. ನನಗೆ ಆಗ ಏಳು ವರ್ಷ. ಅಲ್ಲಿ ನಮ್ಮಮ್ಮ ತನ್ನ ಬಾಯಿಗೆ ಹೋಗ್ತಿದ್ದ ತುತ್ತು ನನಗೆ ಹಾಕಿ ಸಾಕಿದ್ಲು. ನನಗೆ ಪ್ರೀತಿ ತೋರ್ಸೋಕೆ ಬರೋದು ಅದೊಂದೇ.” ದನಿ ಒಡೆಯಿತು. “ನೀನು ತಳ್ದಾಗ... ನಾನೇ ಇವನಿಗೆ ಹೇಳ್ದೆ, ಈ ಹುಡುಗಿ ಬೇಡ ಅಂತ.”

“ನಾನೂ ಹ್ಞೂಂ ಅಂದ್ಬುಟ್ಟೆ,” ಲಿಯಾಂಗ್ ಮುಂದೆ ಬಂದ. ಹತ್ತು ದಿನದ ಗಡ್ಡ, ನಿದ್ದೆಯಿಲ್ಲದ ಕಣ್ಣು. “ಬಸ್ ಸ್ಟಾಪಲ್ಲಿ ನಿನ್ನ ಕೇಳೋ ಬದಲು ನಾನೇ ಉತ್ತರ ಹೇಳ್ಕೊಂಡೆ. ಫೋನ್ ಹತ್ರ ಹೋಗೋದು, ವಾಪಸ್ ಬರೋದು... ನೀನಿಲ್ದೆ ನಂಗೆ ಆಗಲ್ಲ ಯಶೋ.”

“ನಂಗೂ...” ಅಂದಳು ಅವಳು. ಆಮೇಲೆ ತಲೆಯೆತ್ತಿ, ಇನ್ನೂ ಸ್ಪಷ್ಟವಾಗಿ, “ನಂಗೂ ಆಗಲ್ಲ ಕಣ್ರೀ. ನೀವಂದ್ರೆ ನಂಗೆ ಪ್ರಾಣ.”

ಅವನು ಅವಳ ಕೈ ಹಿಡಿದ. ತಾಯಿಯ ಎದುರಿಗೇ! ಅವಳೂ ಬಿಡಿಸಿಕೊಳ್ಳಲಿಲ್ಲ.

ಸುಮಾ ಮೇಡಂ ಆ ಕೈಗಳನ್ನು ನೋಡಿದರು.

“ಇಲ್ಲಿ ನಾವು ಚೀನಾದವರು. ಅಲ್ಲಿ ಇವನನ್ನ ಇಂಡಿಯಾದವನು ಅಂತಾರೆ,” ಎಂದರು ಮೆಲ್ಲಗೆ. “ಮಾತು ಬರಲ್ಲ ಇವನಿಗೆ. ಆಗ ಯಾರಿರ್ತಾರೆ ಇವನ ಪಕ್ಕ?”

“ನಾನಿರ್ತೀನಮ್ಮ.”

ಬೀದಿಯಲ್ಲಿ ಆಟೋ ಒಂದು ನಿಂತು ಹೋಯಿತು. ಯಶೋಧಾ ಲಿಯಾಂಗ್‌ನ ಕೈ ಬಿಡದೆಯೇ ಒಂದು ಹೆಜ್ಜೆ ಮುಂದೆ ಬಂದಳು.

“ಇವರನ್ನ ನನ್ ಜೊತೆ ಕಳಿಸ್ಕೊಡಿ, ಅಮ್ಮ.”

“ಊಟಕ್ಕೆ ಇರು, ಮೀನು ತರ್ತೀನಿ,” ಅಂದು ಸುಮಾ ಮೇಡಂ ಚೀಲ ಹಿಡಿದು ಎದ್ದರು.