ಹಾಲ್ವರನ ಮೋಟಾರಿನ ಕಿಡಿ ಕದ್ದವರು ಯಾರು?

“ಕಿಡಿ ಇಲ್ಲ,” ಎಂದಳು ಲೆಂಪಿ.

ಬೆಳಿಗ್ಗೆ ಒಂಬತ್ತು ಗಂಟೆ. ದೋಣಿಮನೆಯೊಳಗೆ ದೋಣಿ ನೀರಿನ ಮೇಲಿತ್ತು. ಅದರ ಹಿಂಬದಿಗೆ 1939ರ ಎರಡು ಸಿಲಿಂಡರಿನ ಮೋಟಾರು ಬಿಗಿದಿತ್ತು. ನನ್ನ ಹೆಂಡತಿ ಲೆಂಪಿ ಮೇಲೆ ಹೊದ್ದಿಸಿದ್ದ ಕಂಬಳಿ ತೆಗೆದು, ಪ್ಲಗ್ ಬಿಚ್ಚಿ, ಅದನ್ನು ಸಿಲಿಂಡರಿನ ಮೈಗೆ ತಾಗಿಸಿಟ್ಟು, ಹಗ್ಗ ಎಳೆಯುವ ಕೂಲಿ ಕೆಲಸವನ್ನು ನನಗೆ ಕೊಟ್ಟಿದ್ದಳು. ಎಳೆದೆ. ಮತ್ತೆ ಎಳೆದೆ. ಹದಿನಾಲ್ಕನೇ ಸಲಕ್ಕೆ ನನ್ನ ಭುಜ ಬೇಡಪ್ಪಾ ಅಂದಿತು. ಮೂವತ್ತು ವರ್ಷ ಟಪಾಲು ಹೊತ್ತ ಭುಜ ಅದು.

“ಇನ್ನೊಂದು ಪ್ಲಗ್ ನೋಡೇ.”

“ನೋಡ್ದೆ. ಅದೂ ಸತ್ತಿದೆ.”

“ಗುರುವಾರ ನಮ್ಮ ಷೆಡ್ಡಿನ ಪೀಪಾಯಿ ನೀರಲ್ಲಿ ಅರ್ಧ ಗಂಟೆ ಓಡಿತ್ತಲ್ಲ!”

“ಓಡಿತ್ತು. ನಿನ್ನೆ ಸಂಜೆ ಇಲ್ಲಿ ತಂದು ಕಟ್ಟಿದ್ಮೇಲೂ ಕಿಡಿ ನೋಡ್ಕೊಂಡೇ ಮನೆಗೆ ಬಂದೆ. ಅಂದ್ರೆ—ಆಮೇಲೆ ಯಾರೋ ಕೈಯಾಡ್ಸಿದಾರೆ.”

ನಾನು ಬಾಗಿಲಿನಿಂದ ಮೇಲಿನ ಮನೆಯತ್ತ ನೋಡಿದೆ. ಅಲ್ಲಿ, ಸರೋವರದ ಕಡೆಯ ಕಿಟಕಿಯ ಪಕ್ಕ, ಹಾಲ್ವರ್ ತ್ವೇಟೆನ್ ಮಲಗಿದ್ದ. ಡಾಕ್ಟರು ವಾರದ ಮಾತು ಬಿಟ್ಟು ದಿನದ ಮಾತಿಗೆ ಬಂದಿದ್ದರು. ಅವನು ಕಾಯುತ್ತಿದ್ದುದು ಇದೊಂದಕ್ಕೇ.

ಈ ಮೋಟಾರಿನ ಕಥೆ ನಮ್ಮ ದಡದಲ್ಲಿ ಗೊತ್ತಿಲ್ಲದವರಿಲ್ಲ. ಐವತ್ತೊಂದರ ಬೇಸಿಗೆಯಲ್ಲಿ ಹಾಲ್ವರ್ ತಾನು ಮದುವೆಯಾಗಲಿದ್ದ ಹುಡುಗಿ ಸೋಲ್ವೆಯನ್ನು ಮೊದಲ ಸಲ ದೋಣಿಯಲ್ಲಿ ಕೂರಿಸಿಕೊಂಡು ಹೊರಟ. ಮೋಟಾರನ್ನು ದೋಣಿಗೆ ಬಿಗಿಯುವ ಎರಡು ತಿರುಪುಗಳನ್ನು ನೋಡಬೇಕಾದವನು ಹುಡುಗಿಯ ಮುಖ ನೋಡುತ್ತ ನಿಂತ. ನಡುನೀರಿನಲ್ಲಿ ಮೋಟಾರು ಕಳಚಿ ಬುಳುಂಕ್ ಎಂದು ತಳ ಸೇರಿತು! ಇಪ್ಪತ್ತಾರು ವರ್ಷದ ಮೇಲೆ ಯಾರದೋ ಲಂಗರಿಗೆ ಸಿಕ್ಕಿ ಮೇಲೆ ಬಂತು. ಹಾಲ್ವರ್ ಹನ್ನೆರಡು ವರ್ಷ ಅದರ ಹಿಂದೆ ಬಿದ್ದ. ಜಾಮ್ ಆದ ಪಿಸ್ಟನ್ನಿಗೆ ತಿಂಗಳುಗಟ್ಟಲೆ ಎಣ್ಣೆ ಕುಡಿಸಿದ. ಸಿಗದ ಭಾಗಗಳನ್ನು ತಾನೇ ಕಡೆದ. ಕೊನೆಯ ಕೆಲಸವೊಂದು ಬಾಕಿಯಿದ್ದಾಗ ಹಾಸಿಗೆ ಹಿಡಿದ. ಅದನ್ನು ಲೆಂಪಿ ಮುಗಿಸಿದಳು. ಈ ಸುತ್ತಮುತ್ತ ಹಳೇ ಮೋಟಾರಿನ ನಾಡಿ ಹಿಡಿಯುವವಳು ಅವಳೊಬ್ಬಳೇ.

“ಸರೋವರದ ಮೇಲೆ ಅದರ ಸದ್ದು ಒಂದ್ಸಲ ಕೇಳ್ಬಿಟ್ರೆ ಸಾಕು,” ಎನ್ನುತ್ತಿದ್ದ ಹಾಲ್ವರ್, ನೋಡಲು ಹೋದವರಿಗೆಲ್ಲ. “ಆಮೇಲೆ ನಾನು ನೆಮ್ಮದಿಯಾಗಿ ಹೊರಡ್ತೀನಿ.”

ಈ ದಿನ ಹನ್ನೆರಡಕ್ಕೆ ಸೋಲ್ವೆ ಆ ಕಿಟಕಿಯ ಮುಂದೆ ದೋಣಿ ಓಡಿಸಬೇಕಿತ್ತು.

ಲೆಂಪಿ ಟಾರ್ಚು ಹಿಡಿದು ಬಗ್ಗಿದಳು. ಮೋಟಾರಿನ ನೆತ್ತಿಯ ಮೇಲಿನ ಗಾಲಿಯಲ್ಲಿ ಬೆರಳಗಲದ ಕಿಂಡಿಯೊಂದಿದೆ. ಒಳಗೆ, ಎರಡು ತುದಿ ತಾಗಿ ಬಿಟ್ಟು ಕಿಡಿ ಹುಟ್ಟಿಸುವ ಪಾಯಿಂಟು. ಚಿಮಟದಿಂದ ಏನನ್ನೋ ಎಳೆದು ಅಂಗೈ ಮೇಲೆ ಇಟ್ಟುಕೊಂಡಳು.

ಕಾಗದದ ಚೂರು! ಬೆಂಕಿಕಡ್ಡಿಯಷ್ಟು ಉದ್ದ.

“ಇಷ್ಟೇನಾ?” ನಾನು ನಕ್ಕೆ. “ಪಾಯಿಂಟು ಒರೆಸೋಕೆ ತೂರ್ಸಿದ್ದು ಅಲ್ಲೇ ಉಳ್ಕೊಂಡಿದೆ. ನೀನೇ ಎಷ್ಟು ಸಲ ಮರೆತಿಲ್ಲ! ಸಿಕ್ತಲ್ಲ, ಹೊರಡಿಸು.”

“ಇದು ಮರೆತಿದ್ದಲ್ಲ, ರೇನೋ. ತುದೀನ ಮಡಿಸಿ ತಂತಿ ಕೆಳಗೆ ಸಿಕ್ಸಿದಾರೆ. ಇಷ್ಟು ಗೊತ್ತಿರೋರು ಇನ್ನೇನು ಮಾಡಿಟ್ಟಿದಾರೋ? ಯಾರು, ಯಾಕೆ ಅಂತ ತಿಳೀದೆ ಸೋಲ್ವೆಯನ್ನ ನಾನು ನೀರಿಗೆ ಕಳ್ಸಲ್ಲ.”

ನಮ್ಮಲ್ಲಿ ದೋಣಿಮನೆಗೆ ಬೀಗ ಹಾಕುವ ಪದ್ಧತಿಯಿಲ್ಲ. ಆದರೆ ನನ್ನ ಮನಸ್ಸು ನೇರ ಒಬ್ಬನ ಮೇಲೆ ಹೋಯಿತು—ಪಕ್ಕದ ಕ್ಲಿಫ್. ಹಳೇ ಮೋಟಾರು ಕೂಡಿಹಾಕುವ ಹುಚ್ಚಿನವನು. ಈ ಮೋಟಾರನ್ನು ಕೊಡು ಕೊಡು ಎಂದು ಹಾಲ್ವರನ ತಲೆ ತಿಂದವನು.

ಕ್ಲಿಫ್ ನೀರಿಗೆ ಚಾಚಿದ ತನ್ನ ದೋಣಿಕಟ್ಟೆಯ ಹಲಗೆ ಬಿಚ್ಚುತ್ತಿದ್ದ. ಅಕ್ಟೋಬರು, ನೀರು ಹೆಪ್ಪುಗಟ್ಟುವ ಮುಂಚೆ ಎಲ್ಲರೂ ಕಟ್ಟೆ ಎತ್ತಿಡಬೇಕು.

“ನಿನ್ನೆ ದೋಣಿಮನೆಗೆ ಹೋಗಿದ್ಯಾ?” ಲೆಂಪಿ ಕೇಳಿದಳು.

“ಹೋಗಿದ್ದೆ. ಯಾಕೆ?”

“ಎಷ್ಟು ಹೊತ್ತಿಗೆ?”

“ಕತ್ತಲಾಗೋಕೆ ಮುಂಚೆ. ನೋಡ್ದೆ. ಒಂದ್ಸಲ ಕೈಯಾಡಿಸ್ದೆ. ಮಗು ತಲೆ ಸವರಿದ ಹಾಗೆ, ಅಷ್ಟೇ ಮಾರಾಯ್ತಿ!”

“ಅದರ ಮೇಲೆ ಏನಾದ್ರೂ ಹೊದ್ದಿಸಿತ್ತಾ?”

“ಇಲ್ಲ. ಬರಿಮೈಲಿತ್ತು.”

“ಪಾಯಿಂಟು ಒರೆಸೋಕೆ ನೀನು ಏನು ಬಳಸ್ತೀಯ?”

“ಹಳೇ ಕ್ಯಾಲೆಂಡರಿನ ದಪ್ಪ ಕಾಗದ. ಏನು, ಪರೀಕ್ಷೆ ಇಟ್ಟಿದ್ಯಾ ನಂಗೆ?”

ಲೆಂಪಿ ಚೂರನ್ನು ಅವನ ಕೈಗಿಟ್ಟಳು. ಕ್ಲಿಫ್ ಅದನ್ನು ಉಜ್ಜಿ ನೋಡಿ ಮುಖ ಸಿಂಡರಿಸಿದ. “ಥೂ, ಯಾವ ಪೆದ್ದ ಇದನ್ನ ಪಾಯಿಂಟಿಗೆ ಹಾಕಿದ್ದು?”

ಅವನು ನಾಟಕವಾಡುತ್ತಿದ್ದಾನೆ ಎಂದು ದಾರಿಯುದ್ದಕ್ಕೂ ಹೇಳಿದೆ. ಲೆಂಪಿ ಚೂರನ್ನು ಬೆಳಕಿಗೆ ಹಿಡಿದು ನೋಡುತ್ತ ನಡೆದಳು. ನಲವತ್ತು ವರ್ಷದಿಂದ ಹೀಗೇ, ನಾನು ಮಾತಾಡುವುದು, ಅವಳು ಯೋಚಿಸುವುದು.

ಮೇಲಿನ ಮನೆಯ ಅಡುಗೆಕೋಣೆಯಲ್ಲಿ ಹಾಲ್ವರನ ಮಗಳು ಬ್ರಿಟಾ ಬಾಗಿಲಿಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. ಮೋಟಾರು ಕಿಡಿ ಕೊಡುತ್ತಿಲ್ಲ ಎಂದಾಗ ತಿರುಗಲೂ ಇಲ್ಲ.

“ಒಳ್ಳೇದೇ ಆಯ್ತು,” ಎಂದಳು.

“ಯಾಕಮ್ಮಾ ಹಂಗಂತೀಯ?”

“ಆ ಸದ್ದು ಕೇಳಿದ್ರೆ ಹೊರಡ್ತೀನಿ ಅಂತಾನೆ ಅಪ್ಪ. ಕೇಳದೇ ಇರ್ಲಿ! ನಾನೇ ಹಾಳು ಮಾಡಿದ್ರೂ ಮಾಡ್ತಿದ್ದೆ ಲೆಂಪಿ ಅತ್ತೆ, ನಾಚಿಕೆ ಇಲ್ಲ ನಂಗೆ.”

“ಹೆಂಗೆ ಮಾಡ್ತಿದ್ದೆ?”

“ಹೆಂಗೆ ಅಂದ್ರೆ? ಕೈಗೆ ಸಿಕ್ಕಿದ್ದು ಕಿತ್ತು ನೀರಿಗೆ ಎಸೀತಿದ್ದೆ!” ಅಷ್ಟು ಹೇಳಿ ಕೈಯಲ್ಲಿದ್ದ ಪಾತ್ರೆಯನ್ನು ಧಡ್ ಎಂದು ಕುಕ್ಕಿದಳು. ಲೆಂಪಿ ಅವಳ ಬೆನ್ನು ಸವರಿದಳು.

ಸೋಲ್ವೆ ಒಳಕೋಣೆಯಿಂದ ಬಂದಳು. ಅರವತ್ತು ದಾಟಿದರೂ ನೆಟ್ಟಗೆ ನಡೆಯುವ ಹೆಂಗಸು. ಆದರೆ ಈ ದಿನ ಕಣ್ಣು ಊದಿಕೊಂಡಿದ್ದವು.

“ಸರಿಹೋಯ್ತಾ?” ಎಂದು ಕೇಳಿದಳು.

“ನೋಡ್ತಿದೀನಿ,” ಎಂದಳು ಲೆಂಪಿ.

ಸೋಲ್ವೆ ನಮಗೆ ಕಾಫಿ ಬಗ್ಗಿಸಿದಳು. ಬೆಣ್ಣೆ, ಸಕ್ಕರೆ ಸವರಿ ಸುತ್ತಿದ ಆಲೂಗಡ್ಡೆ ರೊಟ್ಟಿ ಕೊಟ್ಟಳು. ನಾನು ಮೂರು ತಿಂದೆ. ಇನ್ನೆರಡನ್ನು ಮನೆಗೆಂದು ಕಟ್ಟಿಕೊಟ್ಟಳು. ತಿಂಡಿ ಕಟ್ಟುವ ಕಾಗದದ ಸುರುಳಿಯಿಂದ ಹಾಳೆ ಎಳೆದು, ಮಡಿಸಿ, ಉಗುರಿನಿಂದ ಗೆರೆ ತೀಡಿ, ನೇರಕ್ಕೆ ಹರಿದಳು. ನನಗೆ ರೊಟ್ಟಿ ಕಂಡಿತು. ಲೆಂಪಿ ಮಾತ್ರ ಸೋಲ್ವೆಯ ಕೈಯನ್ನೇ ನೋಡುತ್ತಿದ್ದಳು.

“ಸೋಲ್ವೆ, ದೋಣಿಮನೆಗೆ ಬರ್ತೀಯಾ? ರೇನೋ, ನೀನೂ ಬಾ. ರೊಟ್ಟಿ ಓಡಿಹೋಗಲ್ಲ.”

ದೋಣಿಮನೆಯಲ್ಲಿ ಮೂವರೇ ಇದ್ದೆವು. ಲೆಂಪಿ ಅಂಗೈ ಬಿಚ್ಚಿದಳು.

“ಮೇಣದ ಕಾಗದ. ಮೋಟಾರು ಗೊತ್ತಿರೋರು ಯಾರೂ ಇದನ್ನ ಪಾಯಿಂಟಿಗೆ ತೋರ್ಸಲ್ಲ, ಮೇಣ ಮೆತ್ತಿಕೊಳ್ಳುತ್ತೆ. ಹಂಗಾಗಿ ಕ್ಲಿಫ್ ಅಲ್ಲ. ಬ್ರಿಟಾಗೆ ಪಾಯಿಂಟು ಎಲ್ಲಿದೆ ಅಂತಾನೇ ಗೊತ್ತಿಲ್ಲ. ಗಾಲಿ ತಿರುಗಿಸಿ ಪಾಯಿಂಟು ಬಿಚ್ಚಿಕೊಂಡಾಗ ಚೂರು ಇಟ್ಟು, ಮತ್ತೆ ತಿರುಗಿಸಿ ಕಚ್ಚಿಸಬೇಕು. ಮೆಕ್ಯಾನಿಕ್ ಅಲ್ಲದೆ ಅಷ್ಟು ಗೊತ್ತಿರೋರು ಯಾರು? ಹನ್ನೆರಡು ವರ್ಷ ಅವನ ಪಕ್ಕ ನಿಂತು ಗಾಲಿ ಹಿಡ್ಕೊಂಡೋರು. ಕಾಗದ ಹರಿದು ಹರಿದು ಕೊಟ್ಟೋರು. ಈಗ ರೊಟ್ಟಿ ಕಟ್ಟೋಕೂ ಇದೇ ಕಾಗದಾನ ಮಡಿಸಿ ನೇರಕ್ಕೆ ಹರಿದೋರು.”

ನಾನು ಸೋಲ್ವೆಯತ್ತ ತಿರುಗಿದೆ.

“ಕೆಡಿಸೋಕೆ ಬಂದೋರು ತಂತಿ ಕತ್ತರಿಸ್ತಾರೆ,” ಲೆಂಪಿ ಮೆಲ್ಲಗೆ ಹೇಳಿದಳು. “ಇವರು ಒಂದು ತಿರುಪಿಗೂ ಗೀರು ಬೀಳದ ಹಾಗೆ ಕೆಲ್ಸ ಮಾಡಿದಾರೆ. ಬೆಳಿಗ್ಗೆ ನಾನು ಬಂದಾಗ ಮೋಟಾರಿಗೆ ಕಂಬಳಿ ಹೊದ್ದಿಸಿತ್ತು, ಅಂಚು ಒಳಗೆ ಸಿಕ್ಸಿತ್ತು. ಕ್ಲಿಫ್ ನೋಡಿದಾಗ ಅದು ಇರ್ಲಿಲ್ಲ. ಕಂಬಳಿ ತೆಗೆದವಳು ನಾನೇ, ಆದ್ರೂ ಆಗ ನನ್ನ ತಲೆಗೆ ಹೋಗ್ಲಿಲ್ಲ ನೋಡು. ಸೋಲ್ವೆ, ಮೇಣದ ಕಾಗದಾನೇ ಯಾಕೆ ಹಾಕ್ದೆ?”

ಸೋಲ್ವೆ ಬೆಂಚಿನ ಮೇಲೆ ಕೂತುಬಿಟ್ಟಳು.

“ಸಾದಾ ಕಾಗದ ಇಬ್ಬನಿ ಹೀರ್ಕೊಳ್ಳುತ್ತಲ್ಲ,” ಎಂದಳು. “ಅವನ ಪಾಯಿಂಟು ತುಕ್ಕು ಹಿಡೀಬಾರ್ದು ಅಂತ...”

ಅಳು ಒತ್ತರಿಸಿಕೊಂಡು ಬಂತು. ಅಯ್ಯೋ ದೇವರೇ, ಆ ಮಾತಿಗೆ ನನಗೂ ತಡೆಯಲಾಗಲಿಲ್ಲ.

“ಇನ್ನೊಂದೇ ಒಂದು ದಿನ ಅಂದ್ಕೊಂಡೆ ಲೆಂಪಿ. ಮೋಟಾರು ಕೆಟ್ಟಿದೆ ಅಂದ್ರೆ ಅವನು ಕಾಯ್ತಾನೆ. ಹನ್ನೆರಡು ವರ್ಷ ಕಾದಿಲ್ವಾ? ಕೆಟ್ಟ ಹೆಂಗಸು ನಾನು.”

“ಹುಚ್ಚು ಹೆಂಗಸು. ಕೆಟ್ಟವಳಲ್ಲ.” ಲೆಂಪಿ ಚೂರನ್ನು ಅವಳ ಕೈಗೆ ಹಾಕಿದಳು. “ಇದನ್ನ ಮತ್ತೆ ಅಲ್ಲೇ ಇಡು ಅಂದ್ರೆ ಇಡ್ತೀನಿ. ಹಳೇ ಮೋಟಾರು, ಕೈಕೊಡ್ತು ಅಂತ ನಾನೇ ಹೇಳ್ತೀನಿ. ಈ ರೇನೋ ಬಾಯಿಗೆ ಬೀಗ ಹಾಕೋದು ನನ್ನ ಜವಾಬ್ದಾರಿ. ನೀನು ಹೇಳ್ದಂಗೆ.”

ಮೇಲಿನಿಂದ ಹಾಲ್ವರನ ಕೆಮ್ಮು ಕೇಳಿಸಿತು. ಸೋಲ್ವೆ ಕಣ್ಣೊರೆಸಿಕೊಂಡು ಎದ್ದು, ಚೂರನ್ನು ಮುದುರಿ ಜೇಬಿಗೆ ಹಾಕಿದಳು.

“ಪಾಯಿಂಟು ಒರೆಸು,” ಎಂದಳು. “ಪಾಪ, ಕಾಯ್ತಾ ಇದಾನೆ.”

ನನ್ನನ್ನು ಹಾಲ್ವರನ ಕೋಣೆಗೆ ಅಟ್ಟಿದರು. ಬ್ರಿಟಾ ಅಪ್ಪನ ದಿಂಬು ಎತ್ತರಿಸಿ, ಕಿಟಕಿ ಪೂರ್ತಿ ತೆರೆದಳು. ಹಾಲ್ವರ್ ಕಣ್ಣು ಮುಚ್ಚಿದ್ದ. ಹೊದಿಕೆಯ ಮೇಲೆ ಬೆರಳುಗಳು ಮಾತ್ರ ಅಲ್ಲಾಡುತ್ತಿದ್ದವು.

ಮೊದಲ ಎಳೆತ—ಏನಿಲ್ಲ. ಎರಡನೆಯದು—ಒಂದು ಸೀನು. ಮೂರನೆಯದಕ್ಕೆ ಹತ್ತಿಕೊಂಡಿತು! ದೋಣಿ ಹೊರಬಂತು. ನೀಲಿ ಹೊಗೆ, ಅದರ ಮುಂದೆ ನೆಟ್ಟಗೆ ಕೂತ ಸೋಲ್ವೆ. ಕಿಟಕಿಯ ಮುಂದೆ ಹಾದುಹೋದಳು, ತಿರುಗಿಸಿಕೊಂಡು ಮತ್ತೆ ಬಂದಳು. ಲೆಂಪಿಯ ಪೀಪಾಯಿಯ ಪಕ್ಕ ಮುದುಕನಾದವನು ನಾನು, ನನ್ನ ಕಿವಿಗೆ ಮೋಸವಿಲ್ಲ. ಎರಡು ಸಿಲಿಂಡರೂ ಒಂದೇ ಹದದಲ್ಲಿ, ಒಂದು ಹೊಡೆತ ತಪ್ಪದೆ ಓಡುತ್ತಿದ್ದವು.

ಹಾಲ್ವರನ ಬೆರಳು ನಿಂತವು. ಬ್ರಿಟಾ “ಅಪ್ಪಾ?” ಎಂದಳು.

ಅವನು ಕಣ್ಣು ಬಿಟ್ಟ. ನೀರಿನ ಮೇಲೆ ಬರುತ್ತಿದ್ದ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. ಆ ಊದಿದ ಕಣ್ಣುಗಳನ್ನು ಅವನು ಬೆಳಿಗ್ಗೆಯೂ ನೋಡಿರಬೇಕು.

“ರೇನೋ,” ಎಂದ, ಪಿಸುಮಾತಿನಲ್ಲಿ. “ಒಂದು ಸಿಲಿಂಡರ್ ತಪ್ತಾ ಇದೆ.”

“ಏನಂದೆ? ಇಲ್ವಲ್ಲೋ, ಎರಡೂ—”

“ತಪ್ತಾ ಇದೆ ಅಂದ್ನಲ್ಲ.” ನನ್ನ ಮಣಿಕಟ್ಟು ಹಿಡಿದ. ಕೈಯಲ್ಲಿ ಬಲವಿರಲಿಲ್ಲ, ಕಣ್ಣಿನಲ್ಲಿ ನಗೆಯಿತ್ತು. “ಇದು ಲೆಕ್ಕಕ್ಕಿಲ್ಲ. ಸರಿಮಾಡಿ ನಾಳೆ ಇನ್ನೊಂದ್ಸಲ ಓಡಿಸ್ಬೇಕು ಅಂತ ಅವಳಿಗೆ ಹೇಳು.”

ನಾನು ಕಿಟಕಿಯಿಂದ ಬಗ್ಗಿ, ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಸೋಲ್ವೆ ಮೋಟಾರು ಆರಿಸಿದಳು. ದೋಣಿ ನಿಧಾನವಾಗಿ ತೇಲಿತು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು, ಆಮೇಲೆ ತೆಗೆದಳು.

“ನಾಳೆ ಎಷ್ಟು ಗಂಟೆಗೆ?” ಎಂದು ನೀರಿನ ಮೇಲಿಂದ ಕೂಗಿದಳು. “ಕೇಳು ಅವನನ್ನ!”