ಜನವರಿಯ ಕಪ್ಪೆ

"ಆ ಮಾತು ಈ ಮನೇಲಿ ಇನ್ಯಾರ ಬಾಯಲ್ಲೂ ಬರಲ್ಲ. ನನ್ನ ಬಾಯಲ್ಲಂತೂ ಸತ್ತರೂ ಬರಲ್ಲ ಮಗಳೇ!"

ಐದನೇ ಕ್ಲಾಸಿನ ಸುಪ್ರಿಯಾ ಬಿಕ್ಕುತ್ತ ಶಾಲೆಯಿಂದ ಬಂದ ದಿನ, ಸರೋಜಮ್ಮ ಅವಳ ತಲೆ ಮುಟ್ಟಿ ಇಟ್ಟ ಆಣೆಯದು. ಮಗಳಿಗೆ ಹುಟ್ಟಿನಿಂದಲೂ ತೇಗು ಬರುತ್ತಿರಲಿಲ್ಲ. ಉಂಡರೆ ಸಾಕು, ಹೊಟ್ಟೆಯ ಗಾಳಿ ಗಂಟಲವರೆಗೆ ಬಂದು, ಅಲ್ಲೇ ಸಿಕ್ಕಿಕೊಂಡು ವಟವಟ ಎನ್ನುತ್ತಿತ್ತು. ಶಾಲೆಯ ಮಕ್ಕಳು ಅವಳಿಗೆ 'ಕಪ್ಪೆ' ಎಂದು ಹೆಸರಿಟ್ಟಿದ್ದರು.

ಈಗ ಅದೇ ಸುಪ್ರಿಯಾಳನ್ನು ನೋಡಲು ಕಳಸದ ಕಡೆಯಿಂದ ಗಂಡಿನವರು ಬಾಳೂರಿಗೆ ಬಂದಿದ್ದರು. ಹೋದ ವಾರವಷ್ಟೇ ಮಂಗಳೂರಿನ ಡಾಕ್ಟರೊಬ್ಬರು ಅವಳ ತೊಂದರೆಗೆ ಉದ್ದನೆಯ ಇಂಗ್ಲಿಷ್ ಹೆಸರು ಹೇಳಿ, ಗಂಟಲಿಗೊಂದು ಇಂಜೆಕ್ಷನ್ ಕೊಟ್ಟರೆ ಸರಿಹೋಗಬಹುದು ಎಂದಿದ್ದರು. "ನಾನೊಬ್ಬಳೇ ಅಲ್ವಂತೆ ಅಮ್ಮ! ಇದಕ್ಕೂ ಒಂದು ಹೆಸರಿದೆಯಂತೆ!" ಎಂದು ಮಗಳು ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನಲ್ಲೇ ಸಂತೋಷಕ್ಕೆ ಅತ್ತಿದ್ದಳು. ತಾಯಿ ಮಾತ್ರ ಹೆದರಿದ್ದಳು. ಇಷ್ಟು ವರ್ಷ ಅದು ಬರೀ ಒಂದು ಸದ್ದು. ಹೆಸರು ಬಂತೆಂದರೆ ಕಾಯಿಲೆಯಾಯಿತಲ್ಲ... ಕಾಯಿಲೆಯ ಹುಡುಗಿಯನ್ನು ಯಾರು ಒಪ್ಪುತ್ತಾರೆ?

"ಅವ್ರ ಮುಂದೆ ಬಾಯಿ ಬಿಡಬೇಡ ಕಣೇ," ಎಂದು ಸರೋಜಮ್ಮ ಅಡುಗೆಮನೆಯಲ್ಲಿ ಮಗಳಿಗೆ ಪಿಸುಗುಟ್ಟಿದಳು.

"ಮುಚ್ಚಿಟ್ಟು ಮದುವೆ ಆಗೋದಾ ಅಮ್ಮ?"

"ತೇಗು ಬರಲ್ಲ ಅಂತ ಡಂಗುರ ಹೊಡೀತೀಯಾ? ಸುಮ್ನಿರು!"

ಊಟ ಮುಗಿಯಿತು. ಹುಡುಗ ಅರುಣನ ತಂದೆ ಮಲ್ಲಿಕಾರ್ಜುನಪ್ಪನವರು ಹೊಟ್ಟೆ ಸವರಿಕೊಂಡು ಮನೆ ತುಂಬುವಂತೆ ತೇಗಿದರು. ಅದರ ಹಿಂದೆಯೇ, ಎಲೆಅಡಿಕೆ ತಟ್ಟೆ ಹಿಡಿದು ನಿಂತಿದ್ದ ಸುಪ್ರಿಯಾಳ ಗಂಟಲು... ವಟರ್!

"ಏನದು ಸದ್ದು?" ಹುಡುಗನ ತಾಯಿ ತಿರುಗಿದರು.

"ಕಪ್ಪೆ!" ಸರೋಜಮ್ಮನ ಬಾಯಿಂದ ಜಾರಿಬಿಟ್ಟಿತು. "ಹಿತ್ತಲಲ್ಲಿ... ಕಪ್ಪೆ."

ಮಲ್ಲಿಕಾರ್ಜುನಪ್ಪನವರು ಕಿಟಕಿಯಾಚೆ ನೋಡಿದರು. ಕಣದಲ್ಲಿ ಹರಡಿದ ಕಾಫಿ ಹಣ್ಣು ಬಿಸಿಲಿಗೆ ಕಪ್ಪಗೆ ಒಣಗುತ್ತಿತ್ತು. "ಜನವರಿ ಬಿಸಿಲಲ್ಲಿ ಯಾವ ಕಪ್ಪೆ ಕೂಗುತ್ತೆ ಮಾರಾಯ್ರೆ? ಈಗೇನಾದ್ರೂ ಮಳೆ ಬಂದ್ರೆ ನಮ್ಮ ಕಾಫಿ ಗತಿ ಏನು!" ಎಂದು ನಕ್ಕರು.

ಸುಪ್ರಿಯಾ ತಟ್ಟೆ ಕೆಳಗಿಟ್ಟಳು. "ಕಪ್ಪೆ ಅಲ್ಲ, ನನ್ನ ಗಂಟಲು. ನಂಗೆ ತೇಗು ಬರಲ್ಲ. ಅದಕ್ಕೆ ಇಂಜೆಕ್ಷನ್ ಇದೆಯಂತೆ, ತಗೋತೀನಿ."



"ಅಷ್ಟೇನಾ?" ಹುಡುಗನ ತಾಯಿ ಗಂಡನ ಕಡೆ ನೋಡಿದರು. "ನಮ್ಮನೇಲಿ ಇವ್ರು ತೇಗೋದು ಎಲ್ಲರ ಪಾಲಿಗೂ ಸಾಕು. ಇಂಜೆಕ್ಷನ್ನೋ ಗಿಂಜೆಕ್ಷನ್ನೋ, ನಮ್ಮ ಅರುಣನೇ ಕರ್ಕೊಂಡು ಹೋಗ್ತಾನೆ ಬಿಡಮ್ಮ."

ಎಲ್ಲರೂ ನಕ್ಕರು. ಮಾತುಕತೆ ಕುದುರಿತು. ಸರೋಜಮ್ಮನಿಗೆ ಮಾತ್ರ ತಲೆ ಎತ್ತಲಾಗಲಿಲ್ಲ.

ನೆಂಟರ ಜೀಪು ಹೊರಟ ಮೇಲೆ ಮಗಳು ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತಿದ್ದಳು. "ಡಾಕ್ಟ್ರು ಹೇಳಿದ ಹೆಸರಿಗೆ ನಂಗೇನೂ ನಾಚಿಕೆ ಇರ್ಲಿಲ್ಲ ಅಮ್ಮ... ಆದ್ರೆ ನೀನು... ನೀನೂ..."

ಸರೋಜಮ್ಮ ಆ ತಲೆಯತ್ತ ಕೈ ಚಾಚಿದಳು. ಮುಟ್ಟುವ ಧೈರ್ಯವಾಗದೆ ಹಿಂದಕ್ಕೆಳೆದುಕೊಂಡಳು.

ಅವಳು ಆಣೆ ಮುರಿದಿದ್ದಳು.