ಬಾನೆಟ್ ಮೇಲಿನ ಕೈ ಗುರುತು

ಕಾಡಿನ ದಾರಿಯ ಗೇಟು ಕಾಯುವುದು ನನ್ನ ಕೆಲಸ. ಕಾಡು ಸರ್ಕಾರದ್ದು, ಬೀಗದ ಕೈ ಮಾತ್ರ ನನ್ನದು. ಪಾಸಿಲ್ಲದೆ ಮಂತ್ರಿಯ ಅಳಿಯನನ್ನೂ ಒಳಗೆ ಬಿಟ್ಟವನಲ್ಲ ನಾನು. ಪಾಸ್ ನೋಡಿ, ಗೇಟು ತೆಗೆದು, ಬಾನೆಟ್ ಮೇಲೆ ಬಲಗೈಯಿಂದ ಒಂದು ತಟ್ಟು ತಟ್ಟಿದರೆ ಮಾತ್ರ ಗಾಡಿ ಮುಂದೆ ಹೋಗಬೇಕು. ಅದೇ ನನ್ನ ಮೊಹರು.

ಮೂರು ವರ್ಷದ ಹಿಂದೆ ಒಂದು ದಿನ, ಬೆಳಗಿನಿಂದ ಒಂದು ಗಾಡಿಯನ್ನೂ ಒಳಗೆ ಬಿಟ್ಟಿರಲಿಲ್ಲ. ಆದರೂ ಸಂಜೆ ಕಾಡಿನೊಳಗಿಂದ ಒಂದು ಜೀಪು ಬಂದು ಗೇಟಿಗೆ ನಿಂತಿತು. ಇಂಜಿನ್ ಗುರುಗುಡುತ್ತಿತ್ತು, ಕಂಬಿಯ ಸಂದಿಯಿಂದ ಮುಟ್ಟಿದರೆ ಬಾನೆಟ್ ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ಹೆಡ್‌ಲೈಟಿಗೆ ಒಂದು ಹುಳವೂ ಮುತ್ತಿರಲಿಲ್ಲ.

"ತೆಗೀರಿ ಅಣ್ಣ," ಅಂದ ಡ್ರೈವರ್.

"ನಿನ್ನನ್ನ ಒಳಗೆ ಬಿಟ್ಟಿದ್ದು ಯಾರಪ್ಪ?"

"ನೀವೇ ಅಲ್ವಾ? ಗುರುತು ನೋಡಿ."

ಬಾನೆಟ್ಟಿನ ಧೂಳಲ್ಲಿ ಬಲಗೈಯ ಅಚ್ಚಿತ್ತು, ಕಿರುಬೆರಳು ಅರ್ಧವೇ. ನಾನು ನಕ್ಕು ಐದೂ ಬೆರಳು ಅಗಲಿಸಿ ತೋರಿಸಿದೆ. "ನನ್ನ ಕೈ ಪೂರ್ತಿ ಇದೆ ನೋಡು. ನಾನು ಒಳಗೆ ಬಿಡದ ಗಾಡೀನ ಹೊರಗೂ ಬಿಡಲ್ಲ. ಹೋಗಯ್ಯ!"

ಅವನು ಜೀಪನ್ನು ಹಿಂದಕ್ಕೆ ತೆಗೆದುಕೊಂಡು ಹೋದ. ಮರುದಿನ ಗಾರ್ಡುಗಳು ದಾರಿಯ ಕೊನೆಯವರೆಗೂ ಹುಡುಕಿದರು. ಜೀಪೂ ಇಲ್ಲ, ಚಕ್ರದ ಗುರುತೂ ಇಲ್ಲ. ಕಾಡಿಗೆ ಬೇರೆ ದಾರಿಯಂತೂ ಇಲ್ಲವೇ ಇಲ್ಲ.

ಹೋದ ವರ್ಷ ಹೊಸ ಗೇಟು ಕೂರಿಸುವಾಗ ಅದು ಜಾರಿ ನನ್ನ ಬಲಗೈಯ ಕಿರುಬೆರಳು ಅರ್ಧ ಹೋಯಿತು. "ಸಾಕು, ಬೇರೆ ಕೆಲಸ ನೋಡ್ಕೊಳ್ಳಿ," ಅಂತಾಳೆ ಹೆಂಡತಿ. ನಾನ್ಯಾಕೆ ಬಿಡಲಿ? ಇದು ನನ್ನ ಗೇಟು. ಈಗಲೂ ಪಾಸ್ ನೋಡಿ, ಬಾನೆಟ್ ತಟ್ಟಿಯೇ ಗಾಡಿ ಬಿಡುತ್ತೇನೆ.

ಆ ಜೀಪು ಒಳಗೆ ಹೋಗಲು ಇನ್ನೂ ಬಂದಿಲ್ಲ.